ನಿಂಬೆಹಣ್ಣು ತುಳಿಯದ ಕಾರು

ಕೊಪ್ಪದ ಕರಿಯಪ್ಪ ಮಳವಳ್ಳಿಗೆ ಹೋದದ್ದು ಹಸು ತರಲು, ತಂದದ್ದು ಕಾರು. ಓಡಿಸಿಕೊಂಡು ತಂದನೇ ಅಂದರೆ ಅದೂ ಇಲ್ಲ. ಟ್ರಾಕ್ಟರಿನ ಟ್ರೇಲರಿಗೆ ಹೇರಿ, ನಾಲ್ಕೂ ಕಡೆ ಹಗ್ಗ ಬಿಗಿದು, ಹಿಂದೆ ಬಂದ ಬಸ್ಸಿನವರು ಹಾರ್ನ್ ಹೊಡೆದು ಹೊಡೆದು ಸೋತರೂ ದಾರಿ ಬಿಡದೆ, ಹೊಸ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವವನ ಗತ್ತಿನಲ್ಲಿ ತಂದ. ಬಾಗಿಲಲ್ಲಿ ಹುಲ್ಲಿನ ಹೊರೆ ಇಟ್ಟುಕೊಂಡು ಕಾಯುತ್ತಿದ್ದ ಹೆಂಡತಿ ಹೊಂಬಾಳಮ್ಮ ಟ್ರೇಲರಿನ ಕಡೆ ಒಂದು ಸಲ ನೋಡಿದಳು, ಹುಲ್ಲಿನ ಕಡೆ ಒಂದು ಸಲ ನೋಡಿದಳು.

"ಇದು ಎಷ್ಟ್ ಲೀಟ್ರು ಕೊಡ್ತದೆ?" ಅಂದಳು.

"ಇದು ಕೊಡಾದಲ್ಲ ಕಣಮ್ಮಿ, ಕುಡಿಯಾದು" ಅಂದ ಕರಿಯಪ್ಪ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಕಾರು ಗೋದಮ್ಮನವರದು. ಅವರ ಯಜಮಾನರು ಪಾರ್ಥಸಾರಥಿಗಳು ಶಿವನಸಮುದ್ರದ ಕರೆಂಟು ಸ್ಟೇಷನ್ನಿನಲ್ಲಿ ಕೆಲಸ ಮಾಡಿ, ಆ ಅಂಬಾಸಿಡರಿನಲ್ಲೇ ಓಡಾಡಿ, ರಿಟೈರಾಗಿ ಮಳವಳ್ಳಿಗೆ ಬಂದು ತೀರಿಕೊಂಡಿದ್ದರು. ಅವರು ಹೋದ ಮೇಲೆ ಕಾರು ಹಿತ್ತಲಲ್ಲಿ ನಿಂತಿತ್ತು. ಸೀಟಿನೊಳಗೆ ಇಲಿಗಳು ಬಾಣಂತನ ಮುಗಿಸಿದ್ದವು. ಬಾನೆಟ್ಟಿನ ಮೇಲೆ ಅವರೆ ಬಳ್ಳಿ ಹಬ್ಬಿ ಕಾಯಿ ಬಿಟ್ಟಿತ್ತು. ಪಕ್ಕದ ಮನೆಯಲ್ಲಿ ಹಸುವಿನ ಹಲ್ಲು ನೋಡಿ ತಲೆ ಎತ್ತಿದ ಕರಿಯಪ್ಪನಿಗೆ ಕಾಂಪೌಂಡಿನಾಚೆ ಆ ದುಂಡು ಮೂತಿ ಕಂಡಿತು.

"ಅದು ಓಡೋದಿಲ್ಲಪ್ಪ" ಎಂದರು ಗೋದಮ್ಮ. "ಯಾರ ಕೈಲೂ ಆಗಲಿಲ್ಲ."

ಹಸುವಿನ ವ್ಯಾಪಾರ ಅಲ್ಲಿಗೆ ಮುಗಿಯಿತು.

ಕರಿಯಪ್ಪನ ಸ್ವಭಾವವೇ ಹಾಗೆ. ಆಗುವುದಿಲ್ಲ ಅಂದರೆ ಮಾಡಿ ತೋರಿಸಬೇಕು, ಮಾಡು ಅಂದರೆ ಬೆನ್ನು ತಿರುಗಿಸಬೇಕು. ಏಳನೇ ಕ್ಲಾಸನ್ನು ಎರಡು ಸಲ ಓದಿದ್ದೂ, ಮೂರನೇ ಸಲ ಓದು ಅಂತ ಮೇಷ್ಟ್ರು ಹೇಳಿದಾಗ ಸ್ಲೇಟು ಅಲ್ಲೇ ಬಿಟ್ಟು ಎದ್ದು ಬಂದದ್ದೂ ಇದೇ ಗುಣದಿಂದ. ಕೋಪವಂತೂ ಮೂಗಿನ ತುದಿಯಲ್ಲಿ ಮನೆ ಕಟ್ಟಿಕೊಂಡಿತ್ತು. ಹೊಂಬಾಳಮ್ಮನಿಗೆ ಮದುವೆಯಾದ ಎರಡನೇ ವರ್ಷಕ್ಕೇ ಇದರ ಸುಳಿವು ಸಿಕ್ಕಿತ್ತು. ಗದ್ದೆಗೆ ನೀರು ಬಿಡಬೇಕಾದ ದಿನ, "ಇವತ್ತು ನೀರ್ ಬುಡಕ್ ಓಗ್ಬೇಡಿ, ನಾಳೀಕೆ ನೋಡಾನ" ಅನ್ನುತ್ತಿದ್ದಳು. ಅವನು ಗುದ್ದಲಿ ಹೆಗಲಿಗೇರಿಸಿ, "ನೀನ್ ಯಾವಳೇ ನಂಗ್ ಏಳಾಕೆ" ಅಂತ ಹೊರಟೇಬಿಡುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯುತ್ತದೆ ಅಂತ ಊರಿನವರು ಗಾದೆ ಹೇಳಿ ನಗುತ್ತಾರೆ. ಹೊಂಬಾಳಮ್ಮ ಮಾತ್ರ ಕೋಣನ ಎದುರು ಏರಿಯ ಹೆಸರು ಹೇಳಿ, ನೀರಿಗೆ ಇಳಿಸಿ, ಮೈ ತೊಳೆಸಿಕೊಂಡು ಬರುವವಳು. ಇಷ್ಟು ವರ್ಷವಾದರೂ ಕರಿಯಪ್ಪನಿಗೆ ಇದು ಗೊತ್ತಿರಲಿಲ್ಲ. ತನ್ನ ಮನೆ ತನ್ನ ಹಟದಿಂದಲೇ ನಡೆಯುತ್ತಿದೆ ಅಂದುಕೊಂಡಿದ್ದ.

ಕಾರಿನ ವಿಷಯದಲ್ಲಿ ಮಾತ್ರ ಅವಳ ಉಪಾಯಕ್ಕೆ ಹೊತ್ತು ಸಿಗಲಿಲ್ಲ. ಅವಳು ಹುಲ್ಲಿನ ಹೊರೆ ಕೆಳಗಿಡುವಷ್ಟರಲ್ಲಿ ಅವನು ಕೊಟ್ಟಿಗೆಯಿಂದ ಕೆಂಪಿ ಹಸುವನ್ನು ಬಿಚ್ಚಿ ಹೊರಗೆ ಕಟ್ಟಿ, ಕಾರನ್ನು ಬಾಲ ಒಳಗೆ ಮೂತಿ ಹೊರಗೆ ಮಾಡಿ ನೂಕಿಸಿಬಿಟ್ಟಿದ್ದ. ಅಂದಿನಿಂದ ಕೆಂಪಿ ತೆಂಗಿನ ಮರದ ಕೆಳಗೆ ಟಾರ್ಪಾಲು ಹೊದ್ದುಕೊಂಡು ಮೆಲುಕು ಹಾಕುತ್ತಿದೆ, ಕಾರು ಹೆಂಚಿನ ಮಾಡಿನ ಕೆಳಗೆ ಬೆಚ್ಚಗೆ ನಿಂತಿದೆ. ಹಾಲು ಕೊಡುವುದು ಆಚೆ, ಎಣ್ಣೆ ಸೋರಿಸುವುದು ಈಚೆ.

ಕಬ್ಬು, ಭತ್ತದ ಕೆಲಸ ಮುಗಿದ ಮೇಲೆ ಕರಿಯಪ್ಪ ಕಾರಿನ ಹೊಟ್ಟೆಯ ಕೆಳಗೆ ಗೋಣಿಚೀಲ ಹಾಸಿ ಮಲಗುತ್ತಿದ್ದ. ಪಂಪ್‌ಸೆಟ್ಟು ಬಿಚ್ಚಿ ಕಟ್ಟಿ ಕೈ ಪಳಗಿತ್ತು. ಪಂಪ್‌ಸೆಟ್ಟಿಗೂ ಕಾರಿಗೂ ಏನು ವ್ಯತ್ಯಾಸ, ಅದು ನಿಂತಲ್ಲೇ ಓಡುತ್ತದೆ, ಇದು ಓಡಿಕೊಂಡು ಓಡುತ್ತದೆ ಅಂತ ಲೆಕ್ಕ ಹಾಕಿದ್ದ. ಸದ್ಯಕ್ಕೆ ಅವನದು ಎರಡೂ ಮಾಡುತ್ತಿರಲಿಲ್ಲ.

ಹಾಲಿನ ಡೈರಿಯ ಸೆಕ್ರೆಟರಿ ಪ್ರಸನ್ನ ಒಂದು ಸಂಜೆ ಅವನ ಕ್ಯಾನಿನ ಹಾಲು ಅಳೆಯುತ್ತ ಕೇಳಿದ್ದ: "ಕರಿಯಪ್ಪಣ್ಣ, ಈ ಕಾರ್ ಕೆಲ್ಸದಲ್ಲಿ ನಿಂಗೆ ಯಾವುದಣ್ಣ ಭಾಳ ಇಷ್ಟ?"

"ಬಿಚ್ಚಾದು."

"ಆಮ್ಯಾಕೆ?"

"ಆಮ್ಯಾಕೂ ಬಿಚ್ಚಾದೇ ಕಣ್ಲಾ."

ಅದು ನಿಜವೇ ಆಗಿತ್ತು. ತುಕ್ಕು ಹಿಡಿದು ಕಲ್ಲಾಗಿ ಕೂತ ನಟ್ಟಿಗೆ ಸೀಮೆಎಣ್ಣೆ ಕುಡಿಸಿ, ದಿನಗಟ್ಟಲೆ ನೆನೆಯಲು ಬಿಟ್ಟು, ಸ್ಪ್ಯಾನರ್ ಕೊಟ್ಟು ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಾಗ ಅದು ಕೂದಲೆಳೆಯಷ್ಟು ಅಲುಗಿ 'ಕಿರ್' ಅನ್ನುತ್ತದಲ್ಲ, ಆ ಸದ್ದಿಗೆ ಅವನ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಜಗತ್ತಿನಲ್ಲಿ ತನ್ನ ಮಾತು ಕೇಳುವ ಒಂದು ವಸ್ತುವಾದರೂ ಇದೆ ಅನ್ನಿಸುತ್ತಿತ್ತು. ಬಣ್ಣ ಉಜ್ಜುವುದೂ ಅಷ್ಟೇ ಇಷ್ಟ. ಉಪ್ಪು ಕಾಗದದಲ್ಲಿ ಉಜ್ಜಿದರೆ ಬಿಳಿಯ ಕೆಳಗೆ ಕೆನೆ, ಕೆನೆಯ ಕೆಳಗೆ ಕೆಮ್ಮಣ್ಣಿನಂಥದ್ದು, ಅದರ ಕೆಳಗೆ ಒಂದು ಬೆರಳಗಲ ತಿಳಿನೀಲಿ ಸಿಕ್ಕಿತ್ತು. ಆ ನೀಲಿ ನೋಡಿದ ದಿನ ಅವನು ಯಾರನ್ನೂ ಬೈಯದೆ ಊಟ ಮಾಡಿದ. ಮಗಳು ದೀಪಿಕ ಹಣೆ ಮುಟ್ಟಿ ಜ್ವರ ಬಂದಿದೆಯಾ ಅಂತ ನೋಡಿದಳು. ಬಂಪರಿಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಅದರಲ್ಲಿ ತನ್ನ ಮುಖ ನೋಡಿಕೊಂಡು ಮೀಸೆ ತೀಡುವುದೂ ಇಷ್ಟ. ಇಂಜಿನ್ ಇಲ್ಲದ ಕಾರಿನಲ್ಲಿ ಕೂತು ಸ್ಟೇರಿಂಗು ತಿರುಗಿಸುತ್ತ ಮನಸ್ಸಿನಲ್ಲೇ ಮದ್ದೂರು ದಾಟಿ ಮಂಡ್ಯ ಮುಟ್ಟುವುದು ಎಲ್ಲಕ್ಕಿಂತ ಇಷ್ಟ. ಹಾಗೆ ಮಂಡ್ಯ ಮುಟ್ಟಿದ್ದಾಗಲೇ ಕೋಳಿ ಹಾರಿ ಬಂದು ಪಕ್ಕದ ಸೀಟಿನಲ್ಲಿ ಕೂತದ್ದನ್ನು ಊರೆಲ್ಲ ನೋಡಿತ್ತು.

ಇಷ್ಟವಿಲ್ಲದ್ದು ಒಂದೇ, ಮತ್ತೆ ಜೋಡಿಸುವುದು. ಹೊಂಬಾಳಮ್ಮನ ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಜಾತಿಯ ನಟ್ಟು ಹಾಕಿಡುತ್ತಿದ್ದ. ಜೋಡಿಸಿ ಮುಗಿದ ಮೇಲೂ ಎರಡು ಗುಳಿ ತುಂಬಿಯೇ ಇರುತ್ತಿತ್ತು. "ಇವು ಎಚ್ಗೆ ಆಕವ್ರೆ" ಅಂತ ಹೇಳಿ ಸುಮ್ಮನಾಗುತ್ತಿದ್ದ. ನಟ್ಟು ಕೂರದಿದ್ದರೆ ಕೋಪ ಏರಿ ಸ್ಪ್ಯಾನರನ್ನು ಬೀಸಿ ಒಗೆಯುತ್ತಿದ್ದ. ಕೊಟ್ಟಿಗೆಯ ಆಚೆಗೆ ಅವನದೇ ಕಬ್ಬಿನ ಗದ್ದೆ. ಹೀಗಾಗಿ ಪ್ರತಿ ಕಟಾವಿನಲ್ಲೂ ಕಬ್ಬು ಕಡಿಯುವ ಆಳುಗಳು ಸಂಜೆ ಮನೆಗೆ ಬಂದು, "ಗೌಡ್ರೇ, ಈ ವರ್ಸ ಬೆಳೆ ಚೆಂದಾಗದೆ" ಅಂತ ಟವೆಲಿನಲ್ಲಿ ಕಟ್ಟಿ ತಂದ ಸ್ಪ್ಯಾನರುಗಳನ್ನು ಜಗಲಿಯ ಮೇಲೆ ಸುರಿಯುತ್ತಿದ್ದರು.

ಇನ್ನು ಆಯುಧಪೂಜೆ. ಎಲ್ಲ ಕಡೆಯಂತೆ ಕೊಪ್ಪದಲ್ಲೂ ಅಂದು ಗಾಡಿ ತೊಳೆದು, ಹೂವು ಹಾಕಿ, ಚಕ್ರದ ಮುಂದೆ ನಿಂಬೆಹಣ್ಣು ಇಡುತ್ತಾರೆ. ಮಂಗಳಾರತಿ ಆದ ಮೇಲೆ ಗಾಡಿ ಅದನ್ನು ತುಳಿದು ಮುಂದೆ ಹೋಗಬೇಕು. ಸೈಕಲ್ಲಿನಿಂದ ಹಿಡಿದು ಟ್ರಾಕ್ಟರಿನವರೆಗೆ ಎಲ್ಲವೂ ತುಳಿಯುತ್ತವೆ. ಕರಿಯಪ್ಪನ ಕಾರೂ ವರ್ಷ ವರ್ಷ ತುಳಿಯುತ್ತಿತ್ತು, ಆದರೆ ಹಿಂದಿನಿಂದ ನಾಲ್ಕು ಜನ ನೂಕಬೇಕಿತ್ತು. ನೂಕಿದವರಿಗೆ ಪುರಿ, ಬಾಳೆಹಣ್ಣು. ತುಳಿದ ಮೇಲೆ ಅವರೇ ವಾಪಸ್ಸು ಕೊಟ್ಟಿಗೆಗೆ ನೂಕಬೇಕು. ಅದಕ್ಕೆ ಮತ್ತೆ ಪುರಿ.

ಈ ಸಲ ಹಬ್ಬಕ್ಕೆ ಒಂದು ತಿಂಗಳಿರುವಾಗ ಡೈರಿಯಲ್ಲಿ ಜನ ಸೇರಿದ್ದ ಹೊತ್ತಿನಲ್ಲಿ ಪ್ರಸನ್ನ ಅಂದ: "ಅಣ್ಣ, ಈ ವರ್ಸ ನೂಕಾಕೆ ನನ್ ಕರೀಬೇಡ ಕಣಣ್ಣ. ಸೊಂಟ ನೋವು. ನಿಂಬೆಣ್ಣನ್ನೇ ತಕ್ಕೊಂಡು ಚಕ್ರಕ್ ಉಜ್ಜಿಬುಡು, ಸುಲಭ ಆಯ್ತದೆ."

ಎಲ್ಲರೂ ನಕ್ಕರು. ಕರಿಯಪ್ಪನ ಕಿವಿ ಕೆಂಪಾಯಿತು.

"ಲೇ ಪ್ರಸನ್ನ, ಕೇಳ್ಕೊ. ಈ ಸಲ ನನ್ ಕಾರು ಇಂಜಿನ್ ಮ್ಯಾಲೇ ನಿಂಬೆಣ್ಣು ತುಳೀತದೆ. ತುಳೀದೆ ಓದ್ರೆ ಅವತ್ತೇ, ಅದೇ ಗಳಿಗೇಲಿ, ಮದ್ದೂರಿನ ಗುಜರಿಯವನ್ನ ಕರ್ದು ತೂಕಕ್ ಆಕ್ಬುಡ್ತೀನಿ. ಇಲ್ಲಾಂದ್ರೆ ನಾನು ನಮ್ಮಪ್ಪನ್ ಮಗನೇ ಅಲ್ಲ."

ಮನೆಗೆ ಹೋಗುವ ದಾರಿಯಲ್ಲಿ ಖಾಲಿ ಕ್ಯಾನು ತುಂಬಿದ ಕ್ಯಾನಿಗಿಂತ ಭಾರವಾಗಿತ್ತು. ನಾಲಿಗೆಗೊಂದು ಬ್ರೇಕು ಹಾಕಿಸಿಕೊಳ್ಳಬೇಕಿತ್ತು ಅನ್ನಿಸಿತು. ಆದರೆ ಕಾರಿನ ಬ್ರೇಕೇ ಇನ್ನೂ ಹಾಕಿಲ್ಲದವನು ಅದನ್ನೆಲ್ಲಿ ಹಾಕಿಸಿಕೊಳ್ಳುತ್ತಾನೆ?

ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಮಾರನೇ ದಿನ ಮದ್ದೂರಿನ ಸಂತೆಯಿಂದ ಬಂದ ಹೊಂಬಾಳಮ್ಮ ಕೆಂಪಿಗೆ ಹೊಸ ಕಣ್ಣಿಹಗ್ಗ ತಂದಿದ್ದಳು. ಕೊಟ್ಟಿಗೆಯ ಗೂಟಕ್ಕೆ ಅದನ್ನು ಸುತ್ತಿ, ಸರಿಯಾಗಿದೆಯಾ ಅಂತ ಅಳತೆ ನೋಡುತ್ತಿದ್ದಾಗ ಕರಿಯಪ್ಪ ಕಾರಿನ ಕೆಳಗಿಂದ ಅವಳ ಪಾದಗಳನ್ನಷ್ಟೇ ಕಂಡ. ಪಾದಗಳು ಭಾರಿ ಸಮಾಧಾನದಲ್ಲಿದ್ದವು.

ಆ ತಿಂಗಳು ಅವನು ಮೈ ಮುರಿದು ದುಡಿದ. ಮಂಡ್ಯದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಕಾರ್ಬುರೇಟರ್ ತಂದ, ಇಂಜಿನ್ ಕೂರಿಸಿದ, ಬ್ರೇಕ್ ಹಾಕಿದ. ಕೊನೆಗೆ ಉಳಿದದ್ದು ಹಿಂದಿನ ಎರಡು ಚಕ್ರಗಳ ನಡುವೆ ಕೂರುವ ಉಂಡೆ. ಕುಂಬಳಕಾಯಿ ಗಾತ್ರದ್ದು, ಒಳಗೆಲ್ಲ ಹಲ್ಲಿನ ಚಕ್ರ. ಇಂಜಿನ್ನಿನ ತಿರುಗಾಟವನ್ನು ಚಕ್ರಗಳಿಗೆ ಹಂಚುವುದು ಅದೇ. ಬಿಚ್ಚುವಾಗ ದೀಪಿಕ, "ಅಪ್ಪ, ಫೋನಲ್ಲಿ ಒಂದು ಫೋಟೋ ತೆಕ್ಕೊ, ಹೆಂಗಿತ್ತು ಅಂತ ಗೊತ್ತಿರ್ತದೆ" ಅಂದಿದ್ದಳು. ಅವಳು ಹೇಳದೆ ಇದ್ದಿದ್ದರೆ ಅವನು ತೆಗೆಯುತ್ತಿದ್ದನೋ ಏನೋ. "ಎಲ್ಲ ನನ್ ತಲೇಲಿ ಐತೆ ಓಗಮ್ಮಿ" ಅಂದಿದ್ದ.

ಎತ್ತಿ ಕೂರಿಸುವಾಗ ಕೈ ಹಿಡಿಯಲು ಬಂದವನು ಪ್ರಸನ್ನನೇ. ಸೊಂಟ ನೋವು ಬಿಟ್ಟು ಬಂದಿದ್ದ, ಯಾಕೆಂದರೆ ಇಡೀ ಊರಿಗೆ ಸುದ್ದಿ ಒಯ್ಯುವ ಜವಾಬ್ದಾರಿ ಅವನದಾಗಿತ್ತು. ಉಂಡೆಯನ್ನು ಕಣ್ಣು ಕಿರಿದು ಮಾಡಿ ನೋಡಿ ಅಂದ: "ಅಣ್ಣ, ಇದು ತಲೆಕೆಳಗಾಗಿ ಅದೆ ಅನ್ಸ್ತದೆ. ಆ ಕಡೆದು ಈ ಕಡೆಗ್ ಬರ್ಬೇಕೇನೋ."

ಕರಿಯಪ್ಪನಿಗೂ ಅದೇ ಗುಮಾನಿ ಬಂದಿತ್ತು. ಇನ್ನೇನು ತಿರುಗಿಸುವುದರಲ್ಲಿದ್ದ. ಅಷ್ಟರಲ್ಲಿ ಈ ಮಾತು ಬಂತು.

"ಆಲಿಗ್ ಎಷ್ಟ್ ನೀರಾಕವ್ರೆ ಅಂತ ನೋಡೋನು ನೀನು. ಕಾರಿನ ತಲೆ ಯಾವ್ದು ಕಾಲ್ ಯಾವ್ದು ನಂಗ್ ಏಳ್ಕೊಡ್ತೀಯಾ? ಎತ್ತು ಮ್ಯಾಕೆ."

ಎತ್ತಿದರು. ಬೋಲ್ಟು ಎಲ್ಲ ಸರಿಯಾಗಿ ಕೂತವು. ಕರಿಯಪ್ಪ ಗೆದ್ದವನ ಹಾಗೆ ನೋಡಿದ. ಆಮೇಲೆ ಹಿಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ, ಇಂಜಿನ್ ಹಚ್ಚಿ, ಒಂದನೇ ಗೇರು ಹಾಕಿ ನೋಡಿದ. ಚಕ್ರಗಳು ತಿರುಗಿದವು. ಅವನು ಕೆಳಗಿಳಿದು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ತುಂಬ ನೋಡಿದ. ತಿರುಗುತ್ತಿದೆ ಅನ್ನುವುದಷ್ಟೇ ಕಣ್ಣಿಗೆ ಬಿತ್ತು. ಯಾವ ಕಡೆಗೆ ತಿರುಗುತ್ತಿದೆ ಅಂತ ನೋಡುವಷ್ಟು ಜಾಗ ಸಂತೋಷ ತುಂಬಿದ ತಲೆಯಲ್ಲಿ ಇರಲಿಲ್ಲ.

ಆಯುಧಪೂಜೆಯ ಬೆಳಗ್ಗೆ ಕಾರನ್ನು ಅಂಗಳಕ್ಕೆ ನೂಕಿ ತಂದರು. ಇಂಜಿನ್ನಿನಲ್ಲೇ ಬರಬಹುದಿತ್ತು, ಆದರೆ ಮೊದಲ ತುಳಿತ ನಿಂಬೆಹಣ್ಣಿನ ಮೇಲೇ ಆಗಬೇಕು ಅಂತ ಅವನ ಹಟ. ತಿಳಿನೀಲಿ ಬಣ್ಣ, ಬೆಳ್ಳಗೆ ಹೊಳೆಯುವ ಬಂಪರು, ಮೂತಿಗೆ ಚೆಂಡುಹೂವಿನ ಹಾರ, ಡಿಕ್ಕಿಯ ಮೇಲೂ ಒಂದು ಹಿಡಿ ಹೂವು. ಕಾರು ಹೊರಗೆ ಬಂದದ್ದೇ ತಡ, ಹೊಂಬಾಳಮ್ಮ ಕೊಟ್ಟಿಗೆ ಗುಡಿಸಿ, ತೊಳೆದು, ರಂಗೋಲಿ ಇಟ್ಟು, ಕೆಂಪಿಯ ಕೊಂಬಿಗೆ ಅರಿಶಿನ ಹಚ್ಚಿ ಹೊಸ ಹಗ್ಗದಲ್ಲಿ ಒಳಗೆ ಕಟ್ಟಿಬಿಟ್ಟಳು. ಕಾರು ಇನ್ನು ಆ ಮಾಡಿನ ಕೆಳಗೆ ಬರುವುದಿಲ್ಲ ಅಂತ ಅವಳು ತೀರ್ಮಾನ ಮಾಡಿದ ಹಾಗಿತ್ತು. ಕರಿಯಪ್ಪ ನೋಡಿಯೂ ನೋಡದವನಂತೆ ಮೀಸೆ ತೀಡಿದ.

ಪೂಜೆಗೆ ಬಂದ ರಾಘವೇಂದ್ರ ಅಯ್ನೋರು ಕಾರಿನ ಸುತ್ತ ಒಂದು ಸುತ್ತು ಹಾಕಿದರು. "ಏನಯ್ಯ ಕರಿಯಪ್ಪ, ಹೋದ ವರ್ಷದವರೆಗೂ ವಾಹನ ಅಂತ ಮಂತ್ರ ಹೇಳೋಕೆ ನಂಗೇ ಸಂಕೋಚ ಆಗ್ತಿತ್ತು. ಈ ಸಲ ಧೈರ್ಯವಾಗಿ ಹೇಳಬಹುದಾ?"

"ಏಳಿ ಅಯ್ನೋರೆ, ಗಟ್ಟಿಯಾಗೇ ಏಳಿ."

ಮಂಗಳಾರತಿ ಆಯಿತು. ಪ್ರಸನ್ನ ಬೂದುಗುಂಬಳ ನಿವಾಳಿಸಿ ಒಡೆದ. ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು. ಅರ್ಧ ಊರು ಬೇಲಿಯ ಆಚೆ, ಅರ್ಧ ಈಚೆ. ದೀಪಿಕ ಫೋನು ಹಿಡಿದು ನಿಂತಳು. ಕರಿಯಪ್ಪ ಬಲಗಾಲಿಟ್ಟು ಹತ್ತಿ, ಕೀ ತಿರುಗಿಸಿದ. ಒಂದೇ ಸಲಕ್ಕೆ ಇಂಜಿನ್ ಎದ್ದಿತು. ಜನ ಓಹೋ ಅಂದರು. ಅವನ ಎದೆ ಉಬ್ಬಿತು. ಕ್ಲಚ್ಚು ಒತ್ತಿ, ಒಂದನೇ ಗೇರು ಹಾಕಿ, ಮುಂದೆ ಮಂಡ್ಯವೇ ಕಾಯುತ್ತಿದೆಯೇನೋ ಅನ್ನುವ ಹಾಗೆ ಗತ್ತಿನಿಂದ ಕ್ಲಚ್ಚು ಬಿಟ್ಟ.

ನಿಂಬೆಹಣ್ಣುಗಳು ಅಲ್ಲೇ ಉಳಿದವು. ಜನ ಮುಂದೆ ಮುಂದೆ ಹೋಗತೊಡಗಿದರು. ಕರಿಯಪ್ಪನಿಗೆ ಮೊದಲು ತಿಳಿಯಲಿಲ್ಲ, ಇವರೆಲ್ಲ ಯಾಕೆ ದೂರ ಹೋಗುತ್ತಿದ್ದಾರೆ ಅಂದುಕೊಂಡ. ಹೋಗುತ್ತಿದ್ದದ್ದು ಅವನೇ. ಕಾರು ಹಾರ ಹಾಕಿಕೊಂಡು, ಹಿಂದೆ ಹಿಂದೆ, ತನಗೆ ಗೊತ್ತಿದ್ದ ಒಂದೇ ಮನೆಯ ಕಡೆಗೆ ಹೊರಟಿತ್ತು. ಕಾಲು ಬ್ರೇಕಿಗೆ ಬೀಳುವಷ್ಟರಲ್ಲಿ ಬಾಲ ಕೊಟ್ಟಿಗೆಯೊಳಗೆ ಹೋಗಿ, ಕೆಂಪಿಯಿಂದ ಮೊಳ ದೂರದಲ್ಲಿ ಇಂಜಿನ್ ಸತ್ತಿತು. ಕೆಂಪಿ ಹಿಂದೆ ಸರಿಯಲಿಲ್ಲ. ಮೂತಿ ಚಾಚಿ ಡಿಕ್ಕಿಯ ಮೇಲಿನ ಹೂವು ತಿಂದಿತು.

"ಅಣ್ಣ," ಪ್ರಸನ್ನನಿಗೆ ನಗು ತಡೆಯಲಾಗದೆ ಮಾತು ತುಂಡಾಗುತ್ತಿತ್ತು, "ಕಾರಿಗೆ ನಿಂಬೆಣ್ಣು ಅಂದ್ರೆ ಭಯ ಕಣಣ್ಣ. ಗಾಳಿಗೀಳಿ ಸೋಕೈತೆ."

ಅಯ್ನೋರು ಮಂಗಳಾರತಿ ತಟ್ಟೆಯಿಂದ ಮುಖ ಮುಚ್ಚಿಕೊಂಡರು. ಬೇಲಿಯ ಮೇಲಿದ್ದವರು ನಗುವ ರಭಸಕ್ಕೆ ಬೇಲಿಯೇ ಬಾಗಿತು. ಈಗ ಸ್ಪ್ಯಾನರು ಹಾರುತ್ತದೆ ಅಂತ ಎಲ್ಲರೂ ತಲೆ ತಗ್ಗಿಸಲು ತಯಾರಾಗಿದ್ದರು.

ಹಾರಲಿಲ್ಲ. ಕರಿಯಪ್ಪ ಇಳಿದ. ಬಾಗಿಲನ್ನು ಧಡಾರನೆ ಹಾಕಲಿಲ್ಲ, ಮೆಲ್ಲನೆ ಮುಚ್ಚಿದ. ಬಾನೆಟ್ಟಿನ ಮೇಲೆ ಬಿದ್ದಿದ್ದ ಅಕ್ಷತೆಯನ್ನು ಟವೆಲಿನಿಂದ ಒರೆಸಿದ. ಆಮೇಲೆ ಜೇಬಿನಿಂದ ಫೋನು ತೆಗೆದು ಗುಜರಿಯವನ ನಂಬರು ಹುಡುಕತೊಡಗಿದ. ಬಾಯಿಂದ ಒಂದು ಬೈಗುಳವೂ ಬರಲಿಲ್ಲ.

ಹೊಂಬಾಳಮ್ಮ ಕೆಂಪಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಇದೇ. ಇನ್ನೊಂದು ಫೋನು ಕರೆ, ಕೊಟ್ಟಿಗೆ ಪೂರ್ತಿ ಅವಳದು. ಆದರೆ ಗಂಡ ಕೂಗಾಡದೆ ನಿಂತದ್ದನ್ನು ಮಾವ ತೀರಿಕೊಂಡ ದಿನ ಬಿಟ್ಟರೆ ಅವಳು ನೋಡಿರಲಿಲ್ಲ. ಕಾರನ್ನು ಒಂದು ಸಲ ನೋಡಿದಳು, ಅವನನ್ನು ಒಂದು ಸಲ ನೋಡಿದಳು. ಹಸು ತರುತ್ತಾನೆ ಅಂತ ಹುಲ್ಲು ಹಿಡಿದು ನಿಂತ ದಿನವೂ ಹೀಗೇ ನೋಡಿದ್ದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗೂ ಕೇಳುವ ಹಾಗೆ ಅಂದಳು: "ಒಳ್ಳೇದಾಯ್ತು, ಪೋನ್ ಮಾಡಿ. ಇನ್ ಆ ಕಾರ್ ಮುಟ್ಬೇಡಿ. ಆ ಇಂದಕ್ ಓಗೋ ಗೇರಂತೂ ಆಕ್ಲೇಬೇಡಿ. ಆಕುದ್ರೆ ನನ್ ಮ್ಯಾಲಾಣೆ."

ಕರಿಯಪ್ಪನ ಬೆರಳು ನಂಬರಿನ ಮೇಲೆ ನಿಂತಿತು. ಕಿವಿ ಮೆಲ್ಲಗೆ ಕೆಂಪೇರಿತು.

"ಯಾಕ್ ಆಕ್ಬಾರ್ದು?"

"ಬ್ಯಾಡ ಅಂದ್ನಲ್ಲ."

"ನೀನ್ ಯಾವಳೇ ನಂಗ್ ಏಳಾಕೆ?" ಫೋನು ಜೇಬಿಗೆ ಹೋಯಿತು. ಈ ಸಲ ಬಾಗಿಲು ಧಡಾರಂತ ಬಿತ್ತು. ಇಂಜಿನ್ ಎದ್ದಿತು. ಜನ ಹೆದರಿ, "ಲೇ, ಅಸ ಸಾಯ್ತದೆ, ಗೋಡೆ ಓಯ್ತದೆ" ಅಂತ ಕೂಗುತ್ತಿದ್ದಂತೆ ಅವನು ರಿವರ್ಸ್ ಗೇರನ್ನು ಸಿಟ್ಟಿನಿಂದ ಎಳೆದು ಹಾಕಿ ಕ್ಲಚ್ಚು ಬಿಟ್ಟ.

ಕಾರು ಮುಂದಕ್ಕೆ ಬಂತು. ಗೋಳಾಡುತ್ತ, ಅಂಗುಲ ಅಂಗುಲವಾಗಿ, ಹಾರ ಅಲ್ಲಾಡಿಸುತ್ತ ಕೊಟ್ಟಿಗೆಯಿಂದ ಅಂಗಳಕ್ಕೆ ಬಂತು. ಅವನು ಬಾಯಿ ತೆರೆದುಕೊಂಡು ಸ್ಟೇರಿಂಗು ಹಿಡಿದಿದ್ದ. ಚಕ್ರದ ಕೆಳಗೆ 'ಪಚ್' ಅಂತು. ಹಿಂದೆಯೇ ಇನ್ನೊಂದು. ಹುಳಿ ವಾಸನೆ ಪೆಟ್ರೋಲಿನ ವಾಸನೆಯ ಜೊತೆ ಬೆರೆತು ಕಿಟಕಿಯೊಳಗೆ ಬಂತು. ಆ ವಾಸನೆ ಮೂಗಿಗೆ ಬಡಿದಾಗಲೇ ಅವನಿಗೆ ಎಲ್ಲ ಅರ್ಥವಾದದ್ದು. ಆ ಉಂಡೆ ತಲೆಕೆಳಗಾಗಿ ಕೂತಿತ್ತು. ಮುಂದಿನ ಗೇರೆಲ್ಲ ಹಿಂದಕ್ಕೆ, ಹಿಂದಿನದೊಂದೇ ಮುಂದಕ್ಕೆ.

ಅಷ್ಟೇ ಅಲ್ಲ, ಇನ್ನೂ ಒಂದು ಅರ್ಥವಾಯಿತು. ಗದ್ದೆಗೆ ನೀರು ಬಿಟ್ಟ ದಿನಗಳು, ಹೆಂಡತಿ ಬೇಡ ಬೇಡ ಅಂದಾಗ ದೀಪಿಕಳನ್ನು ಸೇರಿಸಿ ಬಂದ ಕಾಲೇಜು, ಮಾಡಬೇಡಿ ಅಂದಾಗ ಮಾಡಿಸಿದ್ದ ಮಾಡಿನ ಹೆಂಚು, ಎಲ್ಲ ಒಂದರ ಹಿಂದೆ ಒಂದು ಬಂದು ಕಣ್ಣ ಮುಂದೆ ನಿಂತವು. ಅವನು ಇಂಜಿನ್ ಆರಿಸಿ ಇಳಿದ.

"ತುಳೀತಲ್ಲಣ್ಣ," ಅಂದ ಪ್ರಸನ್ನ, ಚಪ್ಪಟೆಯಾದ ನಿಂಬೆಹಣ್ಣು ಎತ್ತಿ ಹಿಡಿದು. "ಆದ್ರೆ ಮಂಡ್ಯಕ್ ಓಗಾದು ಎಂಗೆ? ಇದೇ ಗೇರಲ್ ಓದ್ರೆ ದೀಪಾವಳಿ ಆಯ್ತದೆ."

"ಇನ್ನೊಂದ್ಸಲ ಬಿಚ್ತೀನಿ ಬುಡ್ಲಾ" ಅಂದ ಕರಿಯಪ್ಪ. ಆ ಮಾತು ಹೇಳುವಾಗಲೇ ಕೈಬೆರಳು ಜುಮ್ಮೆಂದವು.

ಜನ ಪುರಿ ತಿಂದು ಹೋದ ಮೇಲೆ ಅವನು ಹೆಂಡತಿಯ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ: "ಆ ಗೇರ್ ಆಕುದ್ರೆ ಮುಂದಕ್ ಬತ್ತದೆ ಅಂತ ನಿಂಗೆಂಗ್ ಗೊತ್ತಾಯ್ತಮ್ಮಿ?"

"ಗೊತ್ತಾಗ್ದೆ ಏನು. ಲಗ್ನ ಆದಾಗ್ಲಿಂದ ಅಂತದ್ನೇ ಓಡುಸ್ತಾ ಇವ್ನಿ" ಅಂದಳು. ಪೊರಕೆ ತೆಗೆದುಕೊಂಡು ಅಂಗಳ ಗುಡಿಸುತ್ತ, ಕಾರಿನ ಕಡೆಗಾಗಲಿ ಅವನ ಕಡೆಗಾಗಲಿ ನೋಡದೆ, ಸೇರಿಸಿದಳು: "ಕಾರ್ನ ಕೊಟ್ಟಿಗೇಲೇ ಮಡಗಿ. ಬಣ್ಣ ಓಯ್ತದೆ ಪಾಪ. ಅಸ ಆಚೇನೇ ಇರ್ಲಿ, ಅದಕ್ಕೇನು."

ಕರಿಯಪ್ಪ ಅವಳನ್ನು ನೋಡಿದ. ಹಲ್ಲು ಕಚ್ಚಿದ. ಒಂದು ಸಲ ಸ್ಪ್ಯಾನರಿನ ಕಡೆ ಕೈ ಚಾಚಿ ಹಿಂದಕ್ಕೆಳೆದುಕೊಂಡ. ಆಮೇಲೆ ತೆಂಗಿನ ಮರದ ಕೆಳಗಿದ್ದ ಟಾರ್ಪಾಲನ್ನು ಬಿಚ್ಚಿ ತಂದು, ಸಗಣಿ ಒದರಿ, ಅಂಗಳದಲ್ಲಿ ನಿಂತಿದ್ದ ಕಾರಿಗೆ ನಾಲ್ಕೂ ಮೂಲೆ ಎಳೆದು ಹೊದಿಸಿದ. ಕೊಟ್ಟಿಗೆಯೊಳಗೆ ಕೆಂಪಿ ಉಳಿದ ಚೆಂಡುಹೂವು ಅಗಿಯುತ್ತಿತ್ತು.

"ಇದು ನೀನ್ ಏಳ್ದೆ ಅಂತ ಮಾಡಿದ್ದಲ್ಲ" ಅಂದ.

"ನಾನೆಲ್ಲಿ ಏಳ್ದೆ?" ಅಂದಳು ಹೊಂಬಾಳಮ್ಮ.